ಮಗಳ ಹೆಸರು ಬದಲಾಯಿಸ್ಲಿಕ್ಕೆ ಸಹಾಯ ಬೇಕು, ಉಡುಪಿಯವರು ಯಾರಾದ್ರೂ ಹೇಳಿ

ನನ್ನ ಮಗಳಿಗೆ ಐದೂವರೆ ವರ್ಷ, ಜನನ ಪ್ರಮಾಣಪತ್ರದಲ್ಲಿ ಸಾನ್ವಿ ಅಂತ ಉಂಟು, ಆದ್ರೆ ನನ್ನ ಅಮ್ಮ ತೀರಿಹೋದ ಮೇಲೆ ಅವರ ಹೆಸರೇ ಇಡ್ಬೇಕು ಅಂತ ಮನೆಯಲ್ಲಿ ಎಲ್ಲರೂ ಗಿರಿಜಾ ಅಂತ ಕರಿತೇವೆ, ಅವಳೂ ಸ್ಲೇಟಲ್ಲಿ ಗಿರಿಜಾ ಅಂತಲೇ ಬರಿಯೋದು, ಗಿ ಗುಣಿತ ಮಾತ್ರ ಇನ್ನೂ ಉಲ್ಟಾ. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸ್ಲಿಕ್ಕೆ ಉಂಟು, ಅಷ್ಟರೊಳಗೆ ಸರಿ ಆಗ್ಬೇಕು, ಇಲ್ಲಾಂದ್ರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ವರೆಗೂ ಹಳೇ ಹೆಸರೇ ಹೋಗ್ತದೆ.

ನೋಟರಿ ಅಫಿಡವಿಟ್ ಮಾಡಿಸಿದ್ದೇನೆ, ಒಂದು ಕನ್ನಡ ಒಂದು ಇಂಗ್ಲಿಷ್ ಪೇಪರಲ್ಲಿ ಜಾಹೀರಾತು ಕೊಟ್ಟದ್ದೂ ಆಯ್ತು. ನೋಂದಣಿ ಕಚೇರಿಯಲ್ಲಿ 1969ರ ಜನನ ಮರಣ ನೋಂದಣಿ ಕಾಯ್ದೆಯ ಸೆಕ್ಷನ್ 15 ತಪ್ಪು ತಿದ್ಲಿಕ್ಕೆ ಮಾತ್ರ, ನಿಮ್ದು ತಪ್ಪಲ್ಲ ಹೊಸ ಹೆಸರು ಅಂತ ವಾಪಸ್ ಕಳಿಸಿದ್ರು. ಆಧಾರ್ ಸೆಂಟರ್‌ನವರು ಮೊದಲು ಜನನ ಪ್ರಮಾಣಪತ್ರ ತನ್ನಿ ಅಂತಾರೆ. ವಕೀಲರೊಬ್ರು ಗೆಜೆಟ್‌ನಲ್ಲಿ (ಸರ್ಕಾರಿ ರಾಜ್ಯಪತ್ರ) ಹೊಸ ಹೆಸರು ಪ್ರಕಟ ಆದ್ರೆ ಸಾಕು ಅಂದ್ರು, ಇನ್ನೊಬ್ರು ಕೋರ್ಟ್ ಆರ್ಡರ್ ಬೇಕೇ ಬೇಕು ಅಂದ್ರು. ಎಲ್ಲಿ ಹೋದ್ರೂ ಮತ್ತೊಂದು ಕಡೆ ತೋರಿಸ್ತಾರೆ ಮಾರ್ರೆ, ರಜೆ ಹಾಕಿ ಹಾಕಿ ಸಾಕಾಯ್ತು.

ಉಡುಪಿ ಅಥವಾ ಮಂಗಳೂರಲ್ಲಿ ಸಣ್ಣ ಮಕ್ಕಳ ಪೂರ್ತಿ ಹೆಸರೇ ಬದಲಾಯಿಸಿದವರು ಇದ್ದೀರಾ? ಗೆಜೆಟ್ ತೋರಿಸಿದ್ರೆ ಜನನ ಪ್ರಮಾಣಪತ್ರದಲ್ಲಿ ಹೊಸ ಹೆಸರು ಹಾಕಿ ಕೊಟ್ರಾ, ಇಲ್ಲಾ ಮೊದಲು ಕೋರ್ಟಿಗೇ ಹೋಗ್ಬೇಕಾಯ್ತಾ?