ಲಿಬ್ರೆಆಫೀಸ್ ಮೆನು ನಮಗೆ ಬೇಕಾದ ಹಾಗೆ ಮಾಡಿಕೊಳ್ಳೋದು ಹೇಗೆ?

ಪ್ರಶ್ನೆ:
ದಿನವಿಡೀ ಲಿಬ್ರೆಆಫೀಸ್‌ನ ರೈಟರ್‌ನಲ್ಲೇ (ಪತ್ರ, ಲೇಖನ ಟೈಪ್ ಮಾಡುವ ತಂತ್ರಾಂಶ) ನನ್ನ ಕೆಲಸ. ಮೆನು ಅಕ್ಷರ ತುಂಬಾ ಚಿಕ್ಕದು, ಕಣ್ಣಿಗೆ ಕಷ್ಟ ಆಗುತ್ತಿದೆ. ಮೆನುವಿನಲ್ಲಿ ಹೆಸರಿನ ಪಕ್ಕ ಐಕಾನ್ ಕಾಣಬೇಕು, ನಾನು ಯಾವತ್ತೂ ಮುಟ್ಟದ ಆಯ್ಕೆಗಳು ಕಾಣಬಾರದು. ಇದೆಲ್ಲ ಆಗುತ್ತಾ?

ಉತ್ತರ 1:
ಐಕಾನ್ ಸುಲಭ. ಟೂಲ್ಸ್‌ನಲ್ಲಿ ಆಪ್ಷನ್ಸ್ ತೆರೆದು, ಲಿಬ್ರೆಆಫೀಸ್ ಕೆಳಗಿನ ವ್ಯೂಗೆ ಹೋಗಿ, ಮೆನು ಐಕಾನ್‌ಗೆ ‘ಶೋ’ ಆರಿಸಿ. ಅಕ್ಷರದ ಗಾತ್ರ ಮಾತ್ರ ಅಲ್ಲಿ ಸಿಗುವುದಿಲ್ಲ, ಅದು ಕಂಪ್ಯೂಟರ್‌ನ ಸಿಸ್ಟಮ್ ಫಾಂಟ್ ನೋಡಿಕೊಂಡು ಬರುತ್ತದೆ. ಹಾಗಾಗಿ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲೇ ದೊಡ್ಡದು ಮಾಡಬೇಕು.

ಉತ್ತರ 2:
ಬೇಡದ್ದನ್ನು ತೆಗೆಯೋಕೆ ಟೂಲ್ಸ್‌ನ ಕಸ್ಟಮೈಜ್, ಅದರಲ್ಲಿ ಮೆನುಸ್ ಟ್ಯಾಬ್. ಬಲಗಡೆಯ ಪಟ್ಟಿಯಲ್ಲಿ ಆಯ್ಕೆ ಹಿಡಿದು ಎಡಕ್ಕೆ ತೋರಿಸುವ ಬಾಣ ಒತ್ತಿದರೆ ಆಯಿತು. ‘ಸ್ಕೋಪ್’ ಅನ್ನೋದನ್ನು ಮಾತ್ರ ಮರೆಯದೆ ನೋಡಿ, ಈ ಒಂದು ಕಡತಕ್ಕೆ ಮಾತ್ರ ಉಳಿಸಬೇಕೋ ಇಡೀ ರೈಟರ್‌ಗೋ ಅಂತ ಅಲ್ಲೇ ತೀರ್ಮಾನ ಆಗೋದು. ರೈಟರ್‌ನಲ್ಲಿ ಮಾಡಿದ್ದು ಲಿಬ್ರೆಆಫೀಸ್‌ನ ಸ್ಪ್ರೆಡ್‌ಶೀಟ್ ಆದ ಕ್ಯಾಲ್ಕ್‌ಗೆ ಬರುವುದಿಲ್ಲ, ಅಲ್ಲಿ ಬೇರೆಯಾಗಿ ಮಾಡಬೇಕು. ಹೆದರಬೇಡಿ, ಅಲ್ಲೇ ಇರುವ ‘ಡೀಫಾಲ್ಟ್ಸ್’ ಒತ್ತಿದರೆ ಹಳೆಯದು ವಾಪಸ್ ಬರುತ್ತೆ.

ಉತ್ತರ 3:
ಇಷ್ಟೆಲ್ಲ ಮಾಡುವ ಮೊದಲು ವ್ಯೂ ಮೆನುವಿನ ‘ಯೂಸರ್ ಇಂಟರ್‌ಫೇಸ್’ ಒಮ್ಮೆ ನೋಡಿ. ಟ್ಯಾಬ್ಡ್ ಆರಿಸಿದರೆ ಮೈಕ್ರೋಸಾಫ್ಟ್ ವರ್ಡ್‌ನ ರಿಬ್ಬನ್ ತರಹ, ಮೇಲೆ ಟ್ಯಾಬ್‌ಗಳಲ್ಲಿ ಬಟನ್‌ಗಳ ಪಟ್ಟಿ ಬರುತ್ತದೆ. 2019ರ 6.2 ಆವೃತ್ತಿಯಿಂದ ಅದು ಎಲ್ಲರಿಗೂ ಇದೆ. ಆದರೆ ಹಳೆ ಮೆನು ಕೈಗೆ ಅಭ್ಯಾಸ ಆಗಿದ್ದರೆ ಸುಮ್ನೆ ಬದಲಾಯಿಸಬೇಡಿ, ಹುಡುಕೋದೇ ಜಾಸ್ತಿ ಆಗುತ್ತೆ.

ಪ್ರಶ್ನೆ ಕೇಳಿದವರು:
ಐಕಾನ್ ಬಂತು, ಸಿಸ್ಟಮ್ ಫಾಂಟ್ ಕೂಡ ದೊಡ್ಡದು ಮಾಡಿದೆ. ಹಳೆ ಮೆನುವನ್ನೇ ಇಟ್ಟುಕೊಳ್ಳುತ್ತೇನೆ. ತುಂಬಾ ಥ್ಯಾಂಕ್ಸ್!