ಅಪ್‌ಡೇಟ್: ಎಐ ಮಾಡಿದ ಸ್ಲೈಡ್‌ಗಳು ಕೊನೆಗೂ ನಮ್ಮ ಕಂಪನಿಯದ್ದರಂತೆ ಕಾಣುತ್ತಿವೆ

ಹದಿನೈದು ದಿನದ ಹಿಂದೆ ಕೇಳಿದ್ದೆ: ಎಐಗೆ ಸ್ಲೈಡ್ ಮಾಡಲು ಹೇಳಿದರೆ ಪ್ರತಿ ಸಲ ಬಣ್ಣ ಬೇರೆ, ಫಾಂಟ್ ಬೇರೆ, ಲೋಗೋ ಎಲ್ಲೆಲ್ಲೋ, ಏನು ಮಾಡಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ತಪ್ಪು ನನ್ನದೇ. ಬ್ರ್ಯಾಂಡ್ ಗೈಡ್‌ನ (ಕಂಪನಿಯ ಬಣ್ಣ, ಫಾಂಟ್, ಲೋಗೋ ನಿಯಮಗಳ ಕೈಪಿಡಿ) ಪಿಡಿಎಫ್ ಕೊಟ್ಟು "ಇದರಂತೆ ಮಾಡು" ಅನ್ನುತ್ತಿದ್ದೆ. ಅದು ಸುಮ್ನೆ ಅಂದಾಜಿನ ಮೇಲೆ ಬಣ್ಣ ಬಳಿಯುತ್ತಿತ್ತು. ಈಗ ಕಂಪನಿಯ ಪವರ್‌ಪಾಯಿಂಟ್ ಟೆಂಪ್ಲೇಟನ್ನೇ (ಮೊದಲೇ ವಿನ್ಯಾಸ ಮಾಡಿಟ್ಟ ಖಾಲಿ ಫೈಲ್) ಕೊಡುತ್ತೇನೆ. ಹೇಳುವುದು ಮೂರೇ ಮಾತು: ಹೊಸ ಟೆಕ್ಸ್ಟ್ ಬಾಕ್ಸ್ ಬೇಡ, ಪ್ಲೇಸ್‌ಹೋಲ್ಡರ್ (ಟೆಂಪ್ಲೇಟಿನಲ್ಲಿ ಮೊದಲೇ ಇರುವ ಖಾಲಿ ಜಾಗ) ಮಾತ್ರ ತುಂಬು, ಬಣ್ಣ ಥೀಮಿನಿಂದಲೇ (ಫೈಲಿನಲ್ಲಿ ನಿಗದಿಯಾದ ಬಣ್ಣ-ಫಾಂಟ್‌ಗಳ ಸೆಟ್) ತಗೋ. ಸ್ಲೈಡ್ ಮಾಸ್ಟರ್‌ನಲ್ಲಿ (ಎಲ್ಲ ಸ್ಲೈಡ್ ವಿನ್ಯಾಸಗಳ ಮೂಲ ಇರುವ ಜಾಗ) "ಕಸ್ಟಮ್ ಲೇಔಟ್ 7" ಅಂತಿದ್ದದ್ದಕ್ಕೆ "ಎರಡು ಕಾಲಂ, ಬಲಕ್ಕೆ ಚಿತ್ರ" ಅಂತ ಹೆಸರಿಟ್ಟೆ. ಜಾಸ್ತಿ ಫರಕ್ಕು ಬಿದ್ದದ್ದು ಅದರಿಂದಲೇ.

ಸ್ಲೈಡ್ ಮಾಡಲು ಎಐ ಬಳಸುವ ಪೈಥಾನ್-ಪಿಪಿಟಿಎಕ್ಸ್ ಅನ್ನೋ ಕೋಡ್ ಲೈಬ್ರರಿ ಪಿಒಟಿಎಕ್ಸ್ (ಟೆಂಪ್ಲೇಟ್) ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಪಿಪಿಟಿಎಕ್ಸ್ (ಮಾಮೂಲಿ ಪವರ್‌ಪಾಯಿಂಟ್ ಫೈಲ್) ಆಗಿ ಸೇವ್ ಮಾಡಿ ಕೊಡಿ.

ತಲೆ ಕೆಡಿಸಿದ್ದು ಕನ್ನಡ. ಇಂಗ್ಲಿಷ್ ಶೀರ್ಷಿಕೆ ನಮ್ಮ ಫಾಂಟ್‌ನಲ್ಲಿ, ಪಕ್ಕದ ಕನ್ನಡ ಸಾಲು ಮಾತ್ರ ತುಂಗಾ ಅನ್ನೋ ಬೇರೆ ಫಾಂಟ್‌ನಲ್ಲಿ! ನೋಡಿದರೆ ಆಫೀಸ್ ಥೀಮಿನಲ್ಲಿ ಪ್ರತಿ ಲಿಪಿಗೂ ಬೇರೆ ಫಾಂಟ್ ಬರೆದಿರುತ್ತದೆ, ಕನ್ನಡಕ್ಕೆ ಇದ್ದದ್ದು ತುಂಗಾ. ಥೀಮ್ ಫೈಲಿನ ಆ ಒಂದು ಸಾಲಿನಲ್ಲಿ ಫಾಂಟ್ ಹೆಸರನ್ನು ನೋಟೋ ಸಾನ್ಸ್ ಕನ್ನಡ ಅಂತ ಬದಲಿಸಿದೆ, ಸರಿಹೋಯಿತು. ಇದನ್ನು ಹುಡುಕಲು ಒಂದು ಭಾನುವಾರ ಪೂರ್ತಿ ಹೋಯಿತು, ಅದು ಬೇರೆ ಮಾತು.

ಉಳಿದಿರುವ ತಲೆನೋವು ಒಂದೇ. ಎಐ ಬಾಕ್ಸಿನಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಬರೆಯುತ್ತದೆ. "ಒಂದು ಬುಲೆಟ್‌ಗೆ ಎಂಟೇ ಪದ" ಅಂದಿದ್ದೇನೆ. ಹನ್ನೆರಡು ಬರೆಯುತ್ತದೆ.