ಬೈಠಕ್‌ನಲ್ಲಿ ನಮ್ಮೂರ ಕಲಾವಿದರ ಪರಿಚಯ ಹೇಗೆ ಮಾಡಿಕೊಡಬೇಕು? ಅನುಭವ ಇದ್ದವರು ತಿಳಿಸಿ

ಕೇಳಿದವರು – ಟಿಳಕವಾಡಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕಾರು ಮನೆಯವರು ಸೇರಿ ದೇವಸ್ಥಾನದ ಸಭಾಗೃಹದಲ್ಲಿ ಹಿಂದೂಸ್ತಾನಿ ಬೈಠಕ್ (ಹತ್ತಿರ ಕೂತು ಕೇಳುವ ಸಣ್ಣ ಸಂಗೀತ ಸಭೆ) ಶುರು ಮಾಡುತ್ತಿದ್ದೇವೆ. ಬೆಳಗಾವಿ ಮತ್ತು ಸುತ್ತಲಿನ ತಾಲೂಕುಗಳ ಕಲಾವಿದರೇ ಹಾಡಬೇಕು, ನುಡಿಸಬೇಕು ಎಂಬ ಆಸೆ. ಮೊದಲ ಸಲಕ್ಕೆ ಒಬ್ಬ ಗಾಯಕಿ, ತಬಲಾ ಮತ್ತು ಪೇಟಿ (ಹಾರ್ಮೋನಿಯಂ) ಸಾಥಿಗೆ, ಅಂದರೆ ಪಕ್ಕವಾದ್ಯಕ್ಕೆ, ಇಬ್ಬರು ಒಪ್ಪಿದ್ದಾರೆ. ಪರಿಚಯ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಗಾಯಕಿ ಕಳಿಸಿದ ಬಯೋಡಾಟಾದಲ್ಲಿ ಪಾಸಾದ ಪರೀಕ್ಷೆಗಳು, ಸನ್ಮಾನಗಳ ಪಟ್ಟಿ ಬಿಟ್ಟರೆ ಏನೂ ಇಲ್ಲ. ಸಾಥಿದಾರರಿಂದ ಬಂದದ್ದು ಹೆಸರು ಮಾತ್ರ. ಇವರ ಹಿನ್ನೆಲೆ, ಕಲಿಕೆ, ವೃತ್ತಿ ಬಗ್ಗೆ ಏನು ಕೇಳಬೇಕು? ಎಷ್ಟು ಹೇಳಬೇಕು?

ಕಾರ್ಯಕ್ರಮ ನಿರೂಪಕಿ – ಹಿಂದವಾಡಿ

ಮೊದಲನೆಯ ಮಾತು, ಬಯೋಡಾಟಾ ಪಕ್ಕಕ್ಕಿಡಿ. ಅವರ ಮನೆಗೆ ಹೋಗಿ ಅರ್ಧ ತಾಸು ಕೂತು ಮಾತಾಡಿ. ಫೋನಿನಲ್ಲಿ ಕೇಳಿದರೆ ಎಲ್ಲರೂ ಅದೇ ಪಟ್ಟಿ ಓದುತ್ತಾರೆ.

"ನಿಮ್ಮ ಗುರುಗಳು ಯಾರು" ಅಂತ ಶುರು ಮಾಡಬೇಡಿ. "ಚಿಕ್ಕವರಿದ್ದಾಗ ಮನೆಯಲ್ಲಿ, ಓಣಿಯಲ್ಲಿ ಯಾರು ಹಾಡುತ್ತಿದ್ದರು" ಅಂತ ಕೇಳಿ. ನಾನು ಈ ಪ್ರಶ್ನೆ ಕೇಳಿದಾಗಲೆಲ್ಲ ಕಲಾವಿದರ ಮುಖ ಬೇರೆಯೇ ಆಗುತ್ತದೆ. ಒಬ್ಬರು ಮಠದ ಭಜನಾ ಮೇಳದಿಂದ ಬಂದವರು, ಇನ್ನೊಬ್ಬರ ತಂದೆ ಕೀರ್ತನಕಾರರು, ಮತ್ತೊಬ್ಬರ ಅಜ್ಜ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರು. ನಮ್ಮ ಭಾಗದ ಸಂಗೀತ ಬೆಳೆದದ್ದೇ ಇಂಥ ಜಾಗಗಳಲ್ಲಿ. ಮಲ್ಲಿಕಾರ್ಜುನ ಮನ್ಸೂರರು ಚಿಕ್ಕ ಹುಡುಗನಾಗಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಮಿರಜದ ನೀಲಕಂಠಬುವಾ ಅವರ ಕಿವಿಗೆ ಬಿದ್ದು ಅವರ ಶಿಷ್ಯರಾದರು. ನಿಮ್ಮ ಗಾಯಕಿಗೂ ಅಂಥದೊಂದು ತಿರುವು ಇದ್ದೇ ಇರುತ್ತದೆ, ಕೇಳುವವರು ಬೇಕು ಅಷ್ಟೇ.

ಗುರುಗಳ ಪ್ರಶ್ನೆ ಆಮೇಲೆ. ಆಗಲೂ ಹೆಸರಿಗೆ ನಿಲ್ಲಬೇಡಿ. ಯಾವ ಊರಿಗೆ ಹೋಗುತ್ತಿದ್ದರು, ಹೇಗೆ ಹೋಗುತ್ತಿದ್ದರು, ಮೊದಲ ವರ್ಷ ಯಾವ ರಾಗ ಕಲಿಸಿದರು? ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದು ಇವತ್ತಿಗೂ ಎಲ್ಲರ ಬಾಯಲ್ಲಿದೆ. ನಮ್ಮ ಊರಿನ ಕಲಾವಿದರೂ ಧಾರವಾಡಕ್ಕೆ, ಮಿರಜಕ್ಕೆ, ಕೊಲ್ಹಾಪುರಕ್ಕೆ ವಾರಕ್ಕೊಮ್ಮೆ ಹೋಗಿ, ರಾತ್ರಿ ಗಾಡಿಗೆ ಮರಳಿ, ಬೆಳಿಗ್ಗೆ ನೌಕರಿಗೆ ಹೋದವರು. ಅದನ್ನು ಯಾರೂ ಬಯೋಡಾಟಾದಲ್ಲಿ ಬರೆಯುವುದಿಲ್ಲ. ಶ್ರೋತೃಗಳ ಮನಸ್ಸಿನಲ್ಲಿ ಉಳಿಯುವುದು ಅದೇ.

"ಸಂಗೀತ ಲೋಕದ ಧ್ರುವತಾರೆ", "ಗಾನಕೋಗಿಲೆ" ಇವನ್ನೆಲ್ಲ ದಯವಿಟ್ಟು ಬಿಡಿ.

ತಬಲಾ ಸಾಥಿದಾರ – ಶಹಾಪುರ

ಅಕ್ಕಾರ, ಸಾಥಿದಾರರ ಬಗ್ಗೆ ಕೇಳಿದ್ರಲ್ಲ, ಅದಕ್ಕ ಬರೀಲಿಕ್ಕತ್ತೀನಿ. ಭಾಳ ಕಡೆ "ತಬಲಾ ಸಾಥ್ ಇಂಥವರಿಂದ" ಅಂತ ಒಂದ ಸಾಲಿನ್ಯಾಗ ಮುಗಸ್ತಾರ. ನಮ್ದೂ ಒಂದು ಕಲಿಕಿ ಐತಿ, ನಮಗೂ ಗುರುಗಳದಾರ.

ವೃತ್ತಿ ಅಂದ್ರಿ, ಅದನ್ನ ಬಿಡಿಸಿ ಹೇಳ್ತೀನಿ. ಬರೇ ಬೈಠಕ್ ಮ್ಯಾಲೆ ಬದುಕೋರು ನಮ್ಮ ಕಡೆ ಭಾಳ ಕಡಿಮಿ. ಸಂಜಿಗೆ ಹುಡುಗರಿಗೆ ಕ್ಲಾಸು. ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷಿ ಬಂದಾಗ ಗಾಯನದ ಹುಡುಗರಿಗೆ, ಕಥಕ್ ಹುಡುಗ್ಯಾರಿಗೆ ದಿನಾಪೂರ್ತಿ ಕೂತು ಸಾಥ್. ಶ್ರಾವಣದಾಗ ಮಠದ ಪುರಾಣ, ಪ್ರವಚನ. ಆಷಾಢ ಏಕಾದಶಿಗೆ ಅಭಂಗ. ಗಣಪತಿ ಹಬ್ಬದಾಗ ಒಂದ ದಿನ ಬಿಡುವಿರಂಗಿಲ್ಲ. ನನ್ನ ಗೆಳೆಯರೊಳಗ ಮಗ್ಗದ ಮ್ಯಾಲೆ ಕೂಡೋರದಾರ, ಬ್ಯಾಂಕಿನವರದಾರ, ಸಾಲಿ ಮಾಸ್ತರದಾರ. ಇದನ್ನ ಹೇಳೂದ್ರಾಗ ಸಣ್ಣತನ ಏನಿಲ್ಲರಿ. ಹಗಲೆಲ್ಲ ಮಗ್ಗ ನಡಿಸಿದ ಕೈ ಸಂಜಿಗೆ ವಿಲಂಬಿತ (ನಿಧಾನ ಲಯದ) ಏಕತಾಲ ಹಿಡೀತೈತಿ ಅಂದ್ರ ಕೇಳೋರು ಇನ್ನಷ್ಟು ಕಿವಿಗೊಟ್ಟು ಕೇಳ್ತಾರ. ಆದ್ರ ಅವರನ್ನ ಕೇಳಿ ಹೇಳ್ರಿ.

ಪೇಟಿಯವರ ಬಗ್ಗೆ ಒಂದು ಮಾತು. ಆಕಾಶವಾಣಿಯವರು 1940ರಿಂದ 1971ರ ತನಕ ಹಾರ್ಮೋನಿಯಂ ಬಂದ್ ಮಾಡಿದ್ರು. ಸ್ವರದಿಂದ ಸ್ವರಕ್ಕ ಜಾರೂ ಮೀಂಡ್, ಸ್ವರದ ಸೂಕ್ಷ್ಮ ಶ್ರುತಿ ಅದರಾಗ ಬರಂಗಿಲ್ಲ ಅನ್ನೂದು ಅವರ ವಾದ. ಧಾರವಾಡ ಆಕಾಶವಾಣಿ ಶುರು ಆಗಿದ್ದ 1950ಕ್ಕ, ಅಂದ್ರ ನಮ್ಮ ಕಡೆ ಹಳೇ ಪೇಟಿ ವಾದಕರಿಗೆ ರೇಡಿಯೋ ಅನ್ನೂದು ಇಪ್ಪತ್ತು ವರ್ಷ ಮುಚ್ಚಿದ ಬಾಗಿಲಾಗಿತ್ತು. ಅಂಥಾದ್ರಾಗ ನಮ್ಮ ಪಂಡಿತ ರಾಮಭಾವು ಬಿಜಾಪುರೆಯವರು, 1917ರಾಗ ಕಾಗವಾಡದಾಗ ಹುಟ್ಟಿದವರು, ಬೆಳಗಾವಿಯೊಳಗ ಸಂಗೀತ ಶಾಲಿ ನಡಿಸಿ ತಲಿಮಾರು ತಲಿಮಾರು ಶಿಷ್ಯರನ್ನ ತಯಾರ ಮಾಡಿದ್ರು. ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ರು, ಪೇಟಿ ಒಂದನ್ನ ನುಡಿಸಿ ಸಭಾ ಕೂಡಿಸಿದ್ರು. 2010ರಾಗ ಹೋದ್ರು. ನಿಮ್ಮ ಪೇಟಿಯವರು ಯಾರ ಕಡೆ ಕಲ್ತಾರ ಕೇಳ್ರಿ. ನಮ್ಮ ಊರಾಗ ಆ ಎಳಿ ಹಿಡಕೊಂಡು ಹೋದ್ರ ಭಾಳ ಸಲ ಬಿಜಾಪುರೆ ಮಾಸ್ತರ ಮನೀಗೇ ಮುಟ್ತೈತಿ.

ಕೇಳಿದವರು

ತುಂಬಾ ಉಪಕಾರ ಆಯಿತು. ಗಾಯಕಿಯವರ ಮನೆಗೆ ನಿನ್ನೆ ಹೋಗಿ ಬಂದೆ. ಮದುವೆಯಾಗಿ ಮಕ್ಕಳಾದ ಮೇಲೆ ಬಹಳ ವರ್ಷ ವೇದಿಕೆ ಬಿಟ್ಟಿದ್ದರಂತೆ. ಬಯೋಡಾಟಾದಲ್ಲಿ ಆ ಭಾಗವೇ ಇಲ್ಲ. ಅದನ್ನು ಹೇಳಬಹುದೇ? ಇನ್ನೊಂದು, ಘರಾಣೆ (ಗಾಯನದ ಪರಂಪರೆ) ಯಾವುದು ಅಂತ ಕೇಳಿದರೆ "ಕಿರಾಣಾ ಅನ್ನಿ, ಗ್ವಾಲಿಯರ್ ಅಂದರೂ ನಡೆಯುತ್ತದೆ" ಅಂದರು. ಏನು ಬರೆಯಲಿ?

ಸಂಗೀತ ಶಿಕ್ಷಕಿ – ಗೋಕಾಕ

ಹಾಡು ನಿಲ್ಲಿಸಿದ ವರ್ಷಗಳೂ ಜೀವನದ ಭಾಗವೇ ಅಲ್ಲವೇ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಅವರನ್ನೇ ನೋಡಿ. ಬಾಲ್ಯದಲ್ಲೇ ಕುಮಾರ ಗಂಧರ್ವ ಅನ್ನಿಸಿಕೊಂಡು ದೇಶಕ್ಕೆಲ್ಲ ಹೆಸರಾದವರು. ಮುಂಬಯಿಯಲ್ಲಿ ಬಿ. ಆರ್. ದೇವಧರ ಅವರ ಹತ್ತಿರ ಕಲಿತರು. ತುಂಬು ಪ್ರಾಯದಲ್ಲಿ ಕ್ಷಯ ರೋಗ ಬಂತು, ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಮಧ್ಯಪ್ರದೇಶದ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ ಕಿವಿಗೆ ಬಿದ್ದ ಮಾಳವದ ಜನಪದ ಹಾಡುಗಳು ಮುಂದೆ ಅವರ ಗಾಯನಕ್ಕೇ ಬೇರೆ ದಾರಿ ತೋರಿಸಿದವು. ಆ ವರ್ಷಗಳನ್ನು ಬಿಟ್ಟು ಕುಮಾರರ ಪರಿಚಯ ಹೇಳಲಾದೀತೇ?

ನನ್ನ ಶಿಷ್ಯೆಯರಲ್ಲಿ ಮದುವೆ ಆದಮೇಲೆ ತಂಬೂರಿ ಮುಟ್ಟದವರು ಇದ್ದಾರೆ. ಮಗು ಮಲಗಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ದನಿ ಹೊರಗೆ ಹೋಗದಂತೆ ಖರ್ಜ ಸಾಧನೆ (ಕೆಳಗಿನ ಸ್ವರಗಳ ಅಭ್ಯಾಸ) ಮಾಡಿದವರೂ ಇದ್ದಾರೆ. ಮರಳಿ ವೇದಿಕೆಗೆ ಬರುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ಹತ್ತಿರದಿಂದ ನೋಡಿದ್ದೇನೆ. ಆದರೆ ಹೇಳುವ ಹಕ್ಕು ಅವರದು. ನೀವು ಬರೆದದ್ದನ್ನು ಅವರಿಗೆ ಓದಿ ತೋರಿಸಿ, ಒಪ್ಪಿದರೆ ಮಾತ್ರ ಹೇಳಿ. "ಸಂಸಾರದ ಹೊರೆಯಿಂದ ಪ್ರತಿಭೆ ಮುರುಟಿತು" ಅಂಥ ಮಾತು ಬೇಡ. ಎದುರಿಗೆ ಅವರ ಮನೆಯವರೂ ಕೂತಿರುತ್ತಾರೆ.

ಘರಾಣೆ ಖಚಿತ ಇಲ್ಲದಿದ್ದರೆ ಬರೆಯಬೇಡಿ. ಗುರುಗಳ ಹೆಸರು, ಆ ಗುರುಗಳ ಗುರುಗಳ ಹೆಸರು ಹೇಳಿ, ತಿಳಿದವರಿಗೆ ಸಾಕು. ಮನ್ಸೂರರೇ ಮೊದಲು ನೀಲಕಂಠಬುವಾ ಅವರಿಂದ ಗ್ವಾಲಿಯರ್ ತಾಲೀಮು ಪಡೆದು ಆಮೇಲೆ ಮಂಜೀಖಾನ್, ಭೂರ್ಜಿಖಾನ್ ಅವರ ಹತ್ತಿರ ಜೈಪುರ ಘರಾಣೆಯ ಶೈಲಿ ಕಲಿತವರು.

ಪರೀಕ್ಷೆಗಳ ಬಗ್ಗೆ ಸ್ವಲ್ಪ ಎಚ್ಚರ. ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಪ್ರಾರಂಭಿಕದಿಂದ ಶುರುವಾಗಿ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರದವರೆಗೆ ಹೋಗುತ್ತವೆ. ನಮ್ಮ ರಾಜ್ಯದ್ದು ಜೂನಿಯರ್, ಸೀನಿಯರ್, ವಿದ್ವತ್. ಎಲ್ಲದರ ಹೆಸರು ಓದುವುದು ಬೇಡ, ಕೊನೆಯದನ್ನು ಹೇಳಿ. ಆಕಾಶವಾಣಿ ಕಲಾವಿದರಾದರೆ ಗ್ರೇಡ್ ಕೇಳಿ ಸರಿಯಾಗಿ ಹೇಳಿ. ಬಿ, ಬಿ ಹೈ, ಎ, ಟಾಪ್ ಎಂಬ ಮೆಟ್ಟಿಲುಗಳಿವೆ, ಒಂದೊಂದಕ್ಕೂ ಧ್ವನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬಿ ಹೈ ಪಡೆದವರನ್ನು ಬರೀ "ರೇಡಿಯೋದಲ್ಲಿ ಹಾಡಿದ್ದಾರೆ" ಅಂದರೆ ಅವರ ಶ್ರಮಕ್ಕೆ ನ್ಯಾಯವಲ್ಲ.

ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರನ್ನೂ ಕರೆಯುತ್ತೀರಿ, ಅದು ಖಂಡಿತ. ಅವರಿಗೆ ದೃಷ್ಟಿ ಇಲ್ಲದಿದ್ದರೆ ಪರಿಚಯ ಅಲ್ಲಿಂದ ಶುರುವಾಗುವುದು ಬೇಡ. ಪಂಚಾಕ್ಷರ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಬಸವರಾಜ ರಾಜಗುರು ಅಂಥವರನ್ನು ಕೊಟ್ಟ ಪರಂಪರೆ ಅದು. ಮೊದಲು ಆ ತಾಲೀಮಿನ ಮಾತು ಬರಲಿ.

ನಿಮ್ಮ ಗಾಯಕಿಗೆ ಇಷ್ಟು ಸಾಕಾಗಬಹುದು, ಬೇಕಾದಂತೆ ತಿದ್ದಿಕೊಳ್ಳಿ: "ಇಂದು ಹಾಡುವವರು ಮೊದಲು ಹಾಡಿದ್ದು ಅಜ್ಜಿಯ ಜೊತೆ, ಮಠದ ಭಜನೆಯಲ್ಲಿ. ಕಾಲೇಜಿನ ದಿನಗಳಲ್ಲಿ ವಾರಕ್ಕೊಮ್ಮೆ ಧಾರವಾಡಕ್ಕೆ ಹೋಗಿ ಖ್ಯಾಲ್ ಕಲಿತರು. ಕೆಲವು ವರ್ಷ ಮನೆಯೊಳಗಷ್ಟೇ ಹಾಡಿದರು. ಈಗ ಶಾಲಾ ಮಕ್ಕಳಿಗೆ ಕಲಿಸುತ್ತಾರೆ. ಅವರಿಗೆ ಪ್ರಿಯವಾದ ರಾಗ ಪೂರಿಯಾ ಧನಾಶ್ರೀ. ಗುರುಗಳು ಆ ಒಂದನ್ನೇ ಒಂದು ಮಳೆಗಾಲ ಪೂರ್ತಿ ಕಲಿಸಿದರು."

ಹಳೆಯ ಶ್ರೋತೃ – ವಿಜಯಪುರ

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ನನ್ನದೊಂದು ವಿನಂತಿ: ತಂಬೂರಿ ಹಿಡಿದು ಹಿಂದೆ ಕೂರುವ ಮಕ್ಕಳ ಹೆಸರನ್ನೂ ಹೇಳಿ. ನಮ್ಮ ಊರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ತಂಬೂರಿಗೇ ಮೋತಿಖಾನ್ ಅಂತ ಹೆಸರಿಟ್ಟು ಕೊಂಡಾಡಿದ. ಎರಡು ತಾಸು ಕೈ ಬಿಡದೆ ತಂತಿ ಮೀಟುವ ಹುಡುಗಿಯನ್ನು ನಾವು ಹೆಸರಿಲ್ಲದೆ ಕೂರಿಸಿಬಿಡುತ್ತೇವೆ. ನಾಳೆ ನಿಮ್ಮ ಬೈಠಕ್‌ನಲ್ಲಿ ಹಾಡುವವಳು ಅವಳೇ.

ಬೆಳಗಾವಿಯಲ್ಲಿ ಮರಾಠಿ ಮಾತಾಡುವ ರಸಿಕರೂ ಬರುತ್ತಾರೆ. ಕನ್ನಡದಲ್ಲಿ ಪೂರ್ತಿ ಹೇಳಿ, ಮರಾಠಿಯಲ್ಲಿ ಎರಡು ಸಾಲು ಸೇರಿಸಿದರೆ ಅವರಿಗೂ ಸಂತೋಷ.

ಕೇಳಿದವರು

ಖಂಡಿತ ಹೇಳುತ್ತೇನೆ. ಕೊನೆಯ ಪ್ರಶ್ನೆ: ಪರಿಚಯ ಯಾವಾಗ ಮಾಡಲಿ? ಕಲಾವಿದರು ವಾದ್ಯ ಕೂಡಿಸಿಕೊಂಡ ಮೇಲೆಯೋ, ಮೊದಲೋ?

ತಬಲಾ ಸಾಥಿದಾರ – ಶಹಾಪುರ

ಮೊದಲ ಮುಗಿಸಿಬಿಡ್ರಿ ಅಕ್ಕಾರ. ನಮ್ಮ ಬೆಳಗಾವಿ ಮಳಿಗಾಲದ ಥಂಡಿಗೆ ತಬಲಾದ ಚರ್ಮ ಸಡ್ಲ ಆಗಿ ಸ್ವರ ಇಳೀತೈತಿ. ಹತೋಡಿ ಹಿಡಿದು ತಬಲಾದ ಅಂಚಿನ ಹದಿನಾರೂ ಮನಿ ಕೂಡಿಸಿಟ್ಟ ಮ್ಯಾಲೆ ಹತ್ತು ನಿಮಿಷ ಭಾಷಣ ಆದ್ರ ಮತ್ತ ಮೊದಲಿಂದ ಕೂಡಿಸಬೇಕು, ಅಷ್ಟೊತ್ತಿಗೆ ಗಾಯಕಿ ಮನಸ್ಸಿನ್ಯಾಗ ಹಿಡಿದ ಸಾ ಹಾರಿ ಹೋಗಿರ್ತೈತಿ. ಇನ್ನೊಂದು, ಗಾಯಕಿ ಯಾವ ಪಟ್ಟಿಗೆ (ಪೇಟಿಯ ಯಾವ ಕೀಲಿನ ಸಾ ಮಾಡ್ಕೊಂಡು) ಹಾಡ್ತಾರ ಅನ್ನೂದನ್ನ ಹಿಂದಿನ ದಿನಾನ ತಬಲಾದವರಿಗೆ ತಿಳಸ್ರಿ. ಕರಿ ಕೀಲಿ ಒಂದಕ್ಕ ಸಣ್ಣ ಬಾಯಿ ತಬಲಾ, ಕರಿ ಮೂರಕ್ಕ ಅಗಲ ಬಾಯಿದು ತರಬೇಕಾಗ್ತೈತಿ.